ವಿಷಯನಿಶ್ಚಯವಿಲ್ಲದವರ ಕಾಲೇಜು ಪ್ರವೇಶ

ದ್ವಿತೀಯ ಪಿ.ಯು.ಸಿ.ಯ ಫಲಿತಾಂಶವು ಹೊರಬಿದ್ದು, ಸಿ.ಇ.ಟಿ.ಯ ರ್ಯಾಂಕುಗಳು ಮನೆಮನೆಗೆ ತಲುಪುವ ಕಾಲದಲ್ಲಿ ನಮ್ಮ ನಾಡಿನ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಕಳವಳವು ನೆಲೆಗೊಳ್ಳುತ್ತದೆ. ಸೀಟು ಸಿಕ್ಕದವರ ದುಃಖವು ಎಲ್ಲರಿಗೂ ತಿಳಿದದ್ದು. ಅವರಿಗೆ ಸಮಾಧಾನ ಹೇಳುವವರೂ ಉಂಟು. ಎರಡು ಮೂರು ಕಡೆ ಸೀಟು ಸಿಕ್ಕಿಯೂ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ತೊಳಲುವವರ ಸಂಕಟವನ್ನಾದರೋ ಕೇಳುವವರೇ ಇಲ್ಲ. ನಿಮಗೇನು ಕಡಮೆ ಎಂದುಬಿಡುತ್ತಾರೆ. ಅದರಲ್ಲಿಯೂ ಯಾವ ಕಾಲೇಜು ಎಂಬುದಷ್ಟೇ ಅಲ್ಲದೆ, ಯಾವ ವಿಷಯವನ್ನು ಓದಬೇಕೆಂಬುದೇ ನಿಶ್ಚಯವಾಗದ ಹುಡುಗ ಹುಡುಗಿಯರ ಪಾಡು ಇನ್ನೂ ಕಷ್ಟದ್ದು. ಈ ಲೇಖನವು ಅಂಥವರ ಮತ್ತು ಅವರ ತಾಯಿತಂದೆಗಳ ಸಲುವಾಗಿ.

ಮೊದಲು ಒಂದು ಮಾತನ್ನು ಹೇಳಿಬಿಡುವೆವು. ಹದಿನೇಳು ಹದಿನೆಂಟು ವರ್ಷದ ಮಕ್ಕಳಿಗೆ ವಿಷಯನಿಶ್ಚಯವಿಲ್ಲದಿರುವುದು ದೋಷವಲ್ಲ. ಗೌತಮರು ನ್ಯಾಯಸೂತ್ರದಲ್ಲಿ ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳಾದ ಕೂಡಲೆ ಬರುವುದು ಸಂಶಯ. ಅದಾದ ಮೇಲೆ ಪ್ರಯೋಜನ, ದೃಷ್ಟಾಂತ, ಸಿದ್ಧಾಂತ ಇತ್ಯಾದಿ. ಸಂಶಯವಿಲ್ಲದವನಿಗೆ ವಿಚಾರವೇ ಇಲ್ಲವೆಂಬುದು ಆ ಶಾಸ್ತ್ರಕಾರರ ಮತ. ನಮ್ಮ ಮನೆಗಳಲ್ಲಿಯಾದರೋ ಮಗುವು "ನನಗೆ ಇನ್ನೂ ತಿಳಿಯದು" ಎಂದರೆ ಅದನ್ನು ಸೋಮಾರಿತನವೆಂದೋ ಹಟವೆಂದೋ ಎಣಿಸುತ್ತೇವೆ. ಅದು ಹೆದರಿ, ಎದುರುಮನೆಯ ಹುಡುಗನು ಹೇಳಿದ ಹೆಸರನ್ನೇ ತಾನೂ ಹೇಳುತ್ತದೆ. ಹಾಗೆ ಹುಟ್ಟಿದ ನಿಶ್ಚಯಕ್ಕಿಂತ ಸಂಶಯವೇ ಮೇಲು.

ದೊಡ್ಡವರ ಚರಿತ್ರೆಗಳನ್ನು ನೋಡಿದರೂ ಇದು ತಿಳಿದೀತು. ಸರ್ ಎಂ. ವಿಶ್ವೇಶ್ವರಯ್ಯನವರು ನೇರವಾಗಿ ಇಂಜಿನಿಯರಿಂಗಿಗೆ ಹೋದವರಲ್ಲ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಅನಂತರ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಗೆದ್ದರು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಸರ್ವೇಪಲ್ಲಿ ರಾಧಾಕೃಷ್ಣನ್ನರು ತತ್ತ್ವಶಾಸ್ತ್ರವನ್ನು ಹಿಡಿದದ್ದು, ಅದೇ ವಿಷಯವನ್ನು ಓದಿ ಮುಗಿಸಿದ ಬಂಧುವೊಬ್ಬರು ತಮ್ಮ ಪುಸ್ತಕಗಳನ್ನು ಕೊಟ್ಟರೆಂಬ ಕಾರಣದಿಂದ ಎಂಬುದು ಪ್ರಸಿದ್ಧವಾದ ಸಂಗತಿ. ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರಗಳಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ನಾಡು ಅವರನ್ನು ಬಲ್ಲದ್ದು ನಾಟಕಕಾರರೆಂದು. ಎಲ್ಲರೂ ಹೀಗೆಯೇ ಮೇಲೆ ಬರುತ್ತಾರೆಂದು ನಾವು ಹೇಳುವುದಿಲ್ಲ. ಮೊದಲು ಹೊಕ್ಕ ಬಾಗಿಲೇ ಕಡೆಯ ಬಾಗಿಲಾಗಬೇಕಾಗಿಲ್ಲವೆಂಬಷ್ಟಕ್ಕೆ ಇವು ದೃಷ್ಟಾಂತಗಳು.

ಆದರೆ ಇಂದಿನ ಏರ್ಪಾಡು ಸಂಶಯಕ್ಕೆ ಅನುಕೂಲವಾಗಿಲ್ಲ. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಮೊದಲು ಸೇರಿ, ನಾಲ್ಕಾರು ವಿಷಯಗಳನ್ನು ರುಚಿನೋಡಿ, ಎರಡನೆಯ ವರ್ಷದ ಕೊನೆಯ ಹೊತ್ತಿಗೆ ತನ್ನ ಮುಖ್ಯ ವಿಷಯವನ್ನು ಹೇಳಿದರೆ ಸಾಕು. ನಮ್ಮಲ್ಲಿ ಸೀಟು ಎಂದರೆ ಕಾಲೇಜೂ ವಿಷಯವೂ ಒಂದೇ ಗಂಟಿನಲ್ಲಿ ಬರತಕ್ಕದ್ದು. ಇದನ್ನು ಅರಿತೇ ಅನೇಕ ಗೃಹಸ್ಥರು ಮಕ್ಕಳಿಗೆ ಪಿ.ಯು.ಸಿ.ಯಲ್ಲಿ ಪಿ.ಸಿ.ಎಂ.ಬಿ. ಕೊಡಿಸುತ್ತಾರೆ. ಗಣಿತವೂ ಇರಲಿ, ಜೀವಶಾಸ್ತ್ರವೂ ಇರಲಿ, ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕ ಅದು. ಆ "ಆಮೇಲೆ" ಎಂಬುದು ಎರಡು ವರ್ಷ ಕಳೆದು ಬಾಗಿಲಿಗೆ ಬಂದು ನಿಂತಾಗ ಮೊದಲಿದ್ದ ಸಂಶಯವು ಹಾಗೆಯೇ ಇರುತ್ತದೆ. ಎರಡು ವರ್ಷವೂ ಮಗುವು ಪ್ರಶ್ನಪತ್ರಿಕೆಗಳಿಗೆ ಉತ್ತರ ಗುರುತಿಸುವುದನ್ನು ಕಲಿತಿತೇ ಹೊರತು, ಯಾವ ಶಾಸ್ತ್ರ ತನಗೆ ಹಿತವೆಂದು ನೋಡುವುದಕ್ಕೆ ಅದಕ್ಕೆ ಬಿಡುವೆಲ್ಲಿತ್ತು?

ಇನ್ನು ಈ ಸಂಶಯವು ಯಾರದೆಂಬುದನ್ನು ವಿಚಾರಿಸಬೇಕು. ಕೆಲವು ಮನೆಗಳಲ್ಲಿ ಮಗುವಿಗೆ ಸಂಶಯವೇ ಇಲ್ಲ. ಅದಕ್ಕೆ ಇತಿಹಾಸವೋ ಸಸ್ಯಶಾಸ್ತ್ರವೋ ಬೇಕೆಂದು ಚೆನ್ನಾಗಿ ಗೊತ್ತು. ಸಂಶಯವೆಲ್ಲ ತಂದೆಯದು, ಅದನ್ನು ಮಗುವಿನ ಹೆಸರಿನಲ್ಲಿ ಹೇಳುತ್ತಾರೆ. ಅಂಥವರಿಗೆ ಈ ಲೇಖನದಿಂದ ಉಪಯೋಗವಿಲ್ಲ. ಮಗುವಿಗೇ ಸಂಶಯವಿದ್ದಲ್ಲಿ ಅದು ಹತ್ತಿರದ ವಿಷಯಗಳ ನಡುವಣ ಸಂಶಯವೋ, ದೂರದ ವಿಷಯಗಳ ನಡುವಣ ಸಂಶಯವೋ ಎಂದು ಬೇರೆಮಾಡಿ ನೋಡತಕ್ಕದ್ದು. ಎಲೆಕ್ಟ್ರಾನಿಕ್ಸೋ ಎಲೆಕ್ಟ್ರಿಕಲ್ಲೋ, ಭೌತಶಾಸ್ತ್ರವೋ ಗಣಿತವೋ, ಇತಿಹಾಸವೋ ರಾಜ್ಯಶಾಸ್ತ್ರವೋ ಎಂಬುದು ಹತ್ತಿರದ ಸಂಶಯ. ಇವು ಒಂದೇ ಊರಿನ ಎರಡು ಬೀದಿಗಳು. ಒಂದರಿಂದ ಇನ್ನೊಂದಕ್ಕೆ ಸಂದಿಗಳುಂಟು. ಇಂಥಲ್ಲಿ ವಿಷಯದ ಹೆಸರನ್ನು ನೋಡದೆ ಉತ್ತಮವಾದ ಕಾಲೇಜನ್ನು ಹಿಡಿಯುವುದು ಸರಿ. ಒಳ್ಳೆಯ ಅಧ್ಯಾಪಕರೂ, ಓದುವ ಜೊತೆಗಾರರೂ, ತೆರೆದಿರುವ ಗ್ರಂಥಾಲಯವೂ ಇದ್ದರೆ ನೆರೆಯ ವಿಷಯವನ್ನು ಪಕ್ಕದಿಂದಲೇ ಕಲಿಯಬಹುದು.

ದೂರದ ಸಂಶಯವು ಹಾಗಲ್ಲ. ವೈದ್ಯವೋ ಸಾಹಿತ್ಯವೋ, ಇಂಜಿನಿಯರಿಂಗೋ ಶುದ್ಧ ವಿಜ್ಞಾನವೋ ಎಂದು ತೂಗುವವನಿಗೆ ಕಾಲೇಜಿನ ಕೀರ್ತಿಯು ಉತ್ತರ ಹೇಳಲಾರದು. ಆತನು ನೋಡಬೇಕಾದದ್ದು, ಯಾವ ಕಡೆ ಹೋದರೆ ಎಷ್ಟು ಬಾಗಿಲುಗಳು ಮುಚ್ಚುತ್ತವೆ ಎಂಬುದನ್ನು. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಮತ್ತೊಂದು ವರ್ಷ ಆಸ್ಪತ್ರೆಯ ಕೆಲಸ; ಆ ದಾರಿಯಲ್ಲಿ ಪಕ್ಕಕ್ಕೆ ತಿರುಗುವ ಓಣಿಗಳು ಬಹಳ ಕಡಮೆ. ಮನಸ್ಸು ಗಟ್ಟಿಯಾಗಿರುವವರಿಗೆ ಅದು ರಾಜಮಾರ್ಗ. ಗಟ್ಟಿಯಿಲ್ಲದವನು ಸೀಟು ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹೋಗಬಾರದು. ಸಾಮಾನ್ಯ ಪದವಿಯಾದರೋ ಬಾಗಿಲುಗಳನ್ನು ತೆರೆದೇ ಇಡುತ್ತದೆ. ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೆ ಯಾವ ವಿಷಯದ ಪದವಿಯಾದರೂ ಸರಿ. ಮೂರು ವರ್ಷದ ಕಾನೂನು ವ್ಯಾಸಂಗಕ್ಕೂ ಹಾಗೆಯೇ. ಗಣಿತವನ್ನು ಮಾತ್ರ ಯೋಚಿಸದೆ ಬಿಡಬಾರದೆಂದು ನಮ್ಮ ದೃಢವಾದ ಅಭಿಪ್ರಾಯ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಮೂವತ್ತನೆಯ ವಯಸ್ಸಿನಲ್ಲಿ ಮನೆಯಲ್ಲಿ ಕುಳಿತು ಹಿಡಿಯಬಹುದು. ಹದಿನೆಂಟಕ್ಕೆ ಬಿಟ್ಟ ಗಣಿತವನ್ನು ಆ ವಯಸ್ಸಿನಲ್ಲಿ ಮತ್ತೆ ಹಿಡಿದವರು ವಿರಳ.

ವಿಷಯವನ್ನು ನಿಶ್ಚಯಿಸುವ ಕಾಲವನ್ನು ಮುಂದೂಡಿಕೊಡುವ ಸಂಸ್ಥೆಗಳೂ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ವಿಜ್ಞಾನ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರುಗಳನ್ನು ಎಲ್ಲರೂ ಒಟ್ಟಿಗೆ ಓದುತ್ತಾರೆ. ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಇಂಜಿನಿಯರಿಂಗ್ ಮತ್ತು ಮಾನವಿಕ ವಿಷಯಗಳೂ ಅಲ್ಲಿ ಇರುವುವು. ಮುಖ್ಯ ವಿಷಯದ ಆಯ್ಕೆ ಅನಂತರ. 2006ರಲ್ಲಿ ಪುಣೆ, ಕೋಲ್ಕತ್ತಗಳಲ್ಲಿ ಮೊದಲಾಗಿ ಈಗ ಏಳು ಊರುಗಳಲ್ಲಿರುವ ಐಸರ್ ಸಂಸ್ಥೆಗಳ ಐದು ವರ್ಷದ ವ್ಯಾಸಂಗದಲ್ಲಿಯೂ ಮೊದಲು ಎಲ್ಲ ಮೂಲವಿಜ್ಞಾನಗಳನ್ನೂ ಓದಿ, ಆಮೇಲೆ ಒಂದರ ಕಡೆಗೆ ತಿರುಗುವ ಕ್ರಮವುಂಟು. ಇವುಗಳ ಪ್ರವೇಶವು ಸುಲಭವಲ್ಲ. ಸಿಕ್ಕಿದವರಾದರೂ ಇದರ ಬೆಲೆಯನ್ನು ಅರಿತಿರಬೇಕು.

ಅಷ್ಟು ದೂರ ಹೋಗಲಾರದವರಿಗೆ ನಮ್ಮ ಊರುಗಳ ಬಿ.ಎ., ಬಿ.ಎಸ್ಸಿ. ತರಗತಿಗಳೇ ಇವೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಮರಳಿದರು. ಈ ಬದಲಾವಣೆಗಳ ನಡುವೆ ಸಿಕ್ಕ ಮಕ್ಕಳೂ ಅಧ್ಯಾಪಕರೂ ಪಟ್ಟ ಪಾಡು ಇಲ್ಲಿ ಬೇಡ. ಆದರೆ ಭೌತಶಾಸ್ತ್ರ, ಗಣಿತ, ಇನ್ನೊಂದು ಎಂದು ಮೂರು ವಿಷಯಗಳನ್ನು ಜೊತೆಯಾಗಿ ಓದುವ ಹಳೆಯ ಪದ್ಧತಿಯು ಸಂಶಯವುಳ್ಳವನಿಗೆ ಒಂದು ಆಸರೆಯೆಂಬುದನ್ನು ಬಹಳ ಜನ ಗಮನಿಸಿಲ್ಲ. ಮೂರರಲ್ಲಿ ಒಂದು ಹಿಡಿಸದೆ ಹೋದರೆ ಎರಡು ಉಳಿದುವು.

ಎರಡು ವರ್ಷದ ಹಿಂದೆ ತಿಪಟೂರಿನ ಕಡೆಯ ಪರಿಚಿತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ತೆಂಗಿನ ತೋಟದಿಂದ ಜೀವನ ನಡೆಸುವ ಮರ್ಯಾದಸ್ಥರು. ಹುಡುಗಿಯ ಕೈಯಲ್ಲಿ ಎರಡು ಸೀಟುಗಳು. ಒಂದು, ಬೆಂಗಳೂರಿನ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈಗಿನ ಕಾಲಕ್ಕೆ ತಕ್ಕಂತೆ ಉದ್ದವಾದ ಹೆಸರಿನ ಒಂದು ಬ್ರಾಂಚು. ಅದಕ್ಕೆ ಬ್ಯಾಂಕಿನ ಸಾಲ, ಸಾಲಕ್ಕೆ ತೋಟದ ಅಡಮಾನ. ಇನ್ನೊಂದು, ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.; ಇರುವುದಕ್ಕೆ ಚಿಕ್ಕಮ್ಮನ ಮನೆ. "ಮೇಷ್ಟ್ರೇ, ಬೆಂಗಳೂರಿನ ಸೀಟು ಬಿಟ್ಟರೆ ಜನ ನಗುತ್ತಾರೆ" ಎಂದರು ತಂದೆ. ಹುಡುಗಿಯು ಬಹಳ ಹೊತ್ತು ಮಾತಾಡಲಿಲ್ಲ. ಏನು ಓದಬೇಕೆಂದು ಆಸೆಯಮ್ಮ ಎಂದರೆ ತಿಳಿಯದೆಂದಳು. ಈ ಪ್ರಶ್ನೆಯನ್ನು ಆಕೆಗೆ ಆಗಲೇ ಹತ್ತು ಜನ ಕೇಳಿದ್ದರೆಂದು ತೋರಿತು. ಆಗ ನಾವು, ಹೋಗಲಿ, ಯಾವುದನ್ನು ಬಿಡುವುದಕ್ಕೆ ಮನಸ್ಸಿಲ್ಲ ಎಂದು ಕೇಳಿದೆವು. "ಗಣಿತ ಬಿಡಲಾರೆ ಮೇಷ್ಟ್ರೇ" ಎಂದು ಥಟ್ಟನೆ ಹೇಳಿದಳು; ತಂದೆಯೂ ಅದನ್ನು ಆಗಲೇ ಮೊದಲ ಸಲ ಕೇಳಿದಂತೆ ಕಂಡಿತು.

ಆಮೇಲೆ ಎರಡು ವ್ಯಾಸಂಗಗಳ ಪಾಠಕ್ರಮಗಳನ್ನೂ ಕಾಗದದಲ್ಲಿ ತೆಗೆಸಿ, ಮನೆಗೆ ಕೊಂಡುಹೋಗಿ ಕೊನೆಯ ವರ್ಷದಿಂದ ಹಿಂದಕ್ಕೆ ಓದಿಕೊಂಡು ಬಾ ಎಂದೆವು. ಮೊದಲ ವರ್ಷದ ಪಾಠಗಳು ಎಲ್ಲ ಕಡೆಯೂ ಪರಿಚಯವಾದ ಮುಖಗಳೇ; ವಿಷಯದ ನಿಜವಾದ ರೂಪವು ಕಾಣುವುದು ಕೊನೆಯ ವರ್ಷದಲ್ಲಿ. ನಾಲ್ಕು ದಿನ ಬಿಟ್ಟು ಬಂದಾಗ ಬಿ.ಎಸ್ಸಿ.ಯ ಹಾಳೆಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತುಗಳಿದ್ದುವು. ಇನ್ನೊಂದರ ಹಾಳೆಗಳು ಮಡಿಕೆ ಮುರಿಯದೆ ಇದ್ದುವು. ತಂದೆಯು ಆ ಎರಡು ಕಟ್ಟುಗಳನ್ನೂ ತಿರುಗಿಸಿ ನೋಡಿದರು. ಸಾಲದ ಲೆಕ್ಕವನ್ನು ಆ ಮೊದಲೇ ಅವರು ಮಾಡಿದ್ದರು; ಆದರೂ ಒಪ್ಪುವುದಕ್ಕೆ ಅವರಿಗೆ ಇನ್ನೊಂದು ವಾರ ಬೇಕಾಯಿತು. ಈಗ ಹುಡುಗಿಯು ಮೈಸೂರಿನಲ್ಲಿ ಎರಡನೆಯ ವರ್ಷದಲ್ಲಿದ್ದಾಳೆ. ಮುಂದೇನೆಂಬುದು ಇನ್ನೂ ಪೂರ್ತಿ ನಿಶ್ಚಯವಾಗಿಲ್ಲ. ಸಂಖ್ಯಾಶಾಸ್ತ್ರದ ಕಡೆಗೆ ಮನಸ್ಸು ವಾಲಿದೆಯೆಂದು ಕೇಳಿದ್ದೇವೆ. ತೋಟವು ಅಡಮಾನಕ್ಕೆ ಹೋಗಲಿಲ್ಲ.

ಇದರಿಂದ ಇಂಜಿನಿಯರಿಂಗ್ ಬೇಡವೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ಅದೇ ವರ್ಷ ಇನ್ನೊಬ್ಬ ಹುಡುಗನಿಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಸೀಟನ್ನು ಬಿಡಕೂಡದೆಂದು ಒತ್ತಿ ಹೇಳಿದೆವು. ಆತನದು ಹತ್ತಿರದ ಸಂಶಯ, ಶುಲ್ಕವೂ ತಂದೆಯ ಸಂಬಳಕ್ಕೆ ಎಟುಕುವಂಥದು. ಇಂಜಿನಿಯರಿಂಗಿಗೇ ಹೋಗತಕ್ಕವರಿಗೆ ಒಂದು ಸೂಚನೆ: ಈಚೆಗೆ ಕಂಪ್ಯೂಟರ್ ವಿಜ್ಞಾನವನ್ನು ಒಡೆದು, ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ ಮುಂತಾಗಿ ಬಗೆಬಗೆಯ ಹೆಸರುಗಳಲ್ಲಿ ಸೀಟು ಕೊಡುತ್ತಾರೆ. ಮನಸ್ಸು ನಿಶ್ಚಯವಾಗದವರು ಅಗಲವಾದ ಹೆಸರಿನದನ್ನೇ ಹಿಡಿಯುವುದು ಲೇಸು. ಅಗಲವಾದದ್ದರಲ್ಲಿ ಇಕ್ಕಟ್ಟಾದದ್ದು ಅಡಗೀತು. ಇಕ್ಕಟ್ಟಾದದ್ದರಲ್ಲಿ ಅಗಲವಾದದ್ದು ಹಿಡಿಸದು. ಮೊದಲು ಸೇರಿ, ಮುಂದಿನ ವರ್ಷ ಬ್ರಾಂಚು ಬದಲಾಯಿಸಿಕೊಳ್ಳೋಣವೆಂಬ ಭರವಸೆಯನ್ನೂ ಬರೆಹದಲ್ಲಿರುವ ನಿಯಮವನ್ನು ನೋಡದೆ ನೆಚ್ಚಬಾರದು. ಕೆಲವು ಐ.ಐ.ಟಿ.ಗಳೇ ಈ ಅನುಕೂಲವನ್ನು ಈಚೆಗೆ ನಿಲ್ಲಿಸಿವೆ. ಇರುವ ಕಡೆಯೂ ಅದು ಒಳ್ಳೆಯ ಅಂಕ ಬಂದ ಕೆಲವರಿಗೆ, ಸ್ಥಳವು ತೆರವಾಗಿದ್ದರೆ ಮಾತ್ರ ದೊರೆಯುವುದು.

ಕಾಲೇಜನ್ನು ನೋಡಲು ಹೋದವರು ಪ್ರಿನ್ಸಿಪಾಲರ ಕೊಠಡಿಯಲ್ಲಿ ಕುಳಿತು ಬಂದುಬಿಟ್ಟರೆ ಏನೂ ತಿಳಿಯದು. ಕೊನೆಯ ವರ್ಷದ ನಾಲ್ಕು ಮಕ್ಕಳನ್ನು ಮಾತಾಡಿಸಬೇಕು. ಪಾಠ ಹೇಳುವವರು ಖಾಯಂ ಅಧ್ಯಾಪಕರೋ, ವರ್ಷವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರೋ. ಪ್ರಯೋಗಶಾಲೆಯ ಉಪಕರಣಗಳು ಮಕ್ಕಳ ಕೈಗೆ ಬರುತ್ತವೆಯೋ, ಬೀರುವಿನಲ್ಲಿಯೇ ಇರುತ್ತವೆಯೋ. ಗ್ರಂಥಾಲಯವು ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ. ಹೆಸರಿಗೆ ಪಟ್ಟಿಯಲ್ಲಿರುವ ಐಚ್ಛಿಕ ವಿಷಯಗಳಲ್ಲಿ ನಿಜವಾಗಿ ಪಾಠ ನಡೆಯುವುದು ಎಷ್ಟು — ಇವನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಕೊನೆಯ ಪ್ರಶ್ನೆಯನ್ನು ಸಂಶಯವುಳ್ಳವರು ಮರೆಯಲೇಬಾರದು. ಹತ್ತು ಐಚ್ಛಿಕಗಳನ್ನು ಅಚ್ಚುಹಾಕಿ ಎರಡನ್ನೇ ನಡೆಸುವ ಕಡೆ ಆಯ್ಕೆಯೆಂಬುದು ಕಾಗದದ ಮೇಲಿನ ಮಾತು. ಇನ್ನೊಂದು. ಮಗನಿಗಾದರೆ ಉತ್ತಮವಾದ ಕಾಲೇಜು, ಮಗಳಿಗಾದರೆ ಮನೆಗೆ ಹತ್ತಿರವಾದ ಕಾಲೇಜು ಎಂದು ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಿರುವ ಮನೆಗಳು ಈಗಲೂ ಇವೆ. ಅಲ್ಲಿ ಹುಡುಗಿಯ ಸಂಶಯವು ಸಂಶಯವೇ ಅಲ್ಲ. ಕೇಳುವುದಕ್ಕೆ ಮೊದಲೇ ತೀರ್ಪಾಗಿರುತ್ತದೆ.

ಸಿ.ಇ.ಟಿ.ಯ ಮೂಲಕ ಸೀಟು ಪಡೆಯುವವರು ಆಪ್ಷನ್ ಪಟ್ಟಿಯನ್ನು ಬರೆಯುವಾಗ ಎಚ್ಚರವಾಗಿರಬೇಕು. ಎಷ್ಟೋ ಜನ, ನಮ್ಮ ರ್ಯಾಂಕಿಗೆ ಇದು ಸಿಕ್ಕೀತು ಎಂದು ಊಹಿಸಿದ್ದನ್ನು ಮೇಲೆ ಬರೆಯುತ್ತಾರೆ. ಇದು ತಪ್ಪು. ಪಟ್ಟಿಯ ಮೇಲುಗಡೆಯಿಂದ ನೋಡುತ್ತ, ರ್ಯಾಂಕಿಗೆ ಯಾವುದು ಮೊದಲು ದೊರೆಯುವುದೋ ಅದನ್ನೇ ಕೊಡುವುದು ಪ್ರಾಧಿಕಾರದ ಕ್ರಮ. ಮೇಲೆ ಬರೆದದ್ದು ಸಿಕ್ಕದಿದ್ದರೆ ಕೆಳಗಿನದಕ್ಕೆ ಅದರಿಂದ ಹಾನಿಯಿಲ್ಲ. ಆದ್ದರಿಂದ ನಿಜವಾಗಿ ಬೇಕಾದದ್ದನ್ನೇ ಬೇಕಾದ ಅನುಕ್ರಮದಲ್ಲಿ ಬರೆಯತಕ್ಕದ್ದು. ಅಣಕು ಹಂಚಿಕೆಯ ಫಲವನ್ನು ನೋಡಿ ತಿದ್ದಿಕೊಳ್ಳುವುದಕ್ಕೆ ಅವಕಾಶವುಂಟು. ಸೀಟು ಬಂದ ಮೇಲೆ ನಾಲ್ಕು ಬಗೆಯ ಉತ್ತರಗಳಿವೆ: ಒಪ್ಪಿ ಸೇರುವುದು; ಒಪ್ಪಿಯೂ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು; ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು; ಪೂರ್ತಿ ಹೊರಬರುವುದು. ಸಂಶಯವುಳ್ಳವರು ಎರಡನೆಯದನ್ನು ಆರಿಸುವುದು ಸಹಜ. ಆದರೆ ಮೇಲಿನ ಸೀಟು ಬಂದರೆ ಹಿಂದಿನದು ತಾನಾಗಿ ಹೋಗುತ್ತದೆ. ಮರಳಿ ಬೇಕೆಂದರೆ ಬಾರದು. ಹೀಗಾಗಿ, ಕೈಯಲ್ಲಿರುವುದಕ್ಕಿಂತ ನಿಜವಾಗಿಯೂ ಮೇಲೆನಿಸದ ಆಪ್ಷನ್ನುಗಳನ್ನು ಆ ಮೊದಲೇ ತೆಗೆದುಹಾಕಬೇಕು. ನಿಯಮಗಳ ಸೂಕ್ಷ್ಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆಯಾ ವರ್ಷದ ಪ್ರಕಟಣೆಯನ್ನು ಮನೆಯವರೇ ಓದಬೇಕಲ್ಲದೆ ಸೈಬರ್ ಸೆಂಟರಿನವನ ಮಾತನ್ನು ಪ್ರಮಾಣವಾಗಿ ಹಿಡಿಯಬಾರದು.

ಇನ್ನು ಹಣದ ಮಾತು. ಸಾಲವು ಬಡ್ಡಿಯನ್ನು ತರುವುದಷ್ಟೇ ಅಲ್ಲ, ಮನಸ್ಸನ್ನು ಬದಲಾಯಿಸುವ ಸ್ವಾತಂತ್ರ್ಯವನ್ನೂ ಕಳೆಯುತ್ತದೆ. ವಿದ್ಯಾಭ್ಯಾಸದ ಸಾಲವನ್ನು ಸಾಮಾನ್ಯವಾಗಿ ವ್ಯಾಸಂಗ ಮುಗಿದು ಒಂದು ವರ್ಷವಾದ ಮೇಲೆ ತೀರಿಸತೊಡಗಬೇಕು. ಬಡ್ಡಿಯಾದರೋ ಮೊದಲಿನಿಂದಲೇ ಬೆಳೆಯುತ್ತಿರುತ್ತದೆ. ಎರಡನೆಯ ವರ್ಷದಲ್ಲಿ, ಇದು ನನ್ನ ವಿಷಯವಲ್ಲ ಎಂದು ಕಂಡುಕೊಂಡ ಹುಡುಗನು, ಆಗಲೇ ಎತ್ತಿದ ಸಾಲವನ್ನು ನೆನೆದು ಬಾಯಿಮುಚ್ಚಿಕೊಂಡು ಮುಂದುವರಿಯುತ್ತಾನೆ. ವಿಷಯ ನಿಶ್ಚಯವಾದವನಿಗೆ ಸಾಲವು ಏಣಿಯಾಗಬಹುದು. ಸಂಶಯವುಳ್ಳವನಿಗೆ ಅದು ಬೇಡಿ. ಆದಕಾರಣ ಎರಡು ಕಾಲೇಜುಗಳು ಬೇರೆ ಎಲ್ಲದರಲ್ಲಿಯೂ ಸಮತೂಕವಾಗಿದ್ದರೆ, ಕಡಮೆ ಖರ್ಚಿನದರ ಕಡೆಗೆ ನಮ್ಮ ಒಲವು.

ಒಂದು ಕಡೆ ಶುಲ್ಕ ಕಟ್ಟಿದ ಮೇಲೆ ಇನ್ನೊಂದು ಕಡೆ ಸೀಟು ಬಂದರೆ ಕಟ್ಟಿದ್ದು ಮುಳುಗಿತೆಂದು ಹೆದರಿ, ಬೇಡವಾದಲ್ಲಿಯೇ ಉಳಿಯುವವರು ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಈ ಬಗೆಗೆ ಸ್ಪಷ್ಟವಾದ ಕ್ರಮವನ್ನು ಪ್ರಕಟಿಸಿತು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಹಿಂದೆಗೆದರೆ ಶುಲ್ಕವು ನೂರಕ್ಕೆ ನೂರು ಮರಳಬೇಕು. 15 ದಿನಕ್ಕಿಂತ ಕಡಮೆ ಉಳಿದಿದ್ದರೆ ನೂರಕ್ಕೆ 90. ಕೊನೆಯ ದಿನ ಕಳೆದು 15 ದಿನಗಳೊಳಗೆ 80. 30 ದಿನಗಳೊಳಗೆ 50. ಆಮೇಲೆ ಏನೂ ಇಲ್ಲ. ಕೆಲವು ವರ್ಷಗಳಲ್ಲಿ ಆಯೋಗವು ಇದಕ್ಕಿಂತ ಉದಾರವಾದ ಗಡುವುಗಳನ್ನೂ ಕೊಟ್ಟಿದೆ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಕಾಲೇಜಿನವರು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಡಿ ತಾಳೆಮಾಡಿಕೊಂಡು ಹಿಂದಿರುಗಿಸಬೇಕೆಂಬುದೂ ಅದೇ ಪ್ರಕಟಣೆಯ ವಿಧಿ. ಇದನ್ನು ತಿಳಿದು, ದಿನಾಂಕ ಹಾಕಿದ ಅರ್ಜಿಯನ್ನು ಬರೆದುಕೊಟ್ಟು, ಅದರ ಪ್ರತಿಗೆ ಮುದ್ರೆ ಹಾಕಿಸಿಕೊಂಡು ಬರತಕ್ಕದ್ದು. ಬಾಯಿಮಾತಿನಲ್ಲಿ ಕೇಳಿದವರಿಗೆ ಬಾಯಿಮಾತಿನ ಉತ್ತರವೇ ದೊರೆಯುವುದು.

ಇಷ್ಟೆಲ್ಲ ಮಾಡಿ ಸೇರಿದ ಮೇಲೆಯೂ ವಿಷಯವು ಹಿಡಿಸದೆ ಹೋಗಬಹುದು. ಮೀಮಾಂಸಕರು ವಿಕಲ್ಪವೆಂದರೆ ಎಂಟು ದೋಷಗಳುಳ್ಳದ್ದೆಂದು ಹೇಳಿ, ಬೇರೆ ಗತಿಯಿಲ್ಲದಾಗ ಮಾತ್ರ ಅದನ್ನು ಒಪ್ಪುತ್ತಾರೆ. ಯಾಗಕ್ಕೆ ವ್ರೀಹಿ, ಇಲ್ಲವೆ ಯವ, ಅಂದರೆ ಬತ್ತ ಇಲ್ಲವೆ ಜವೆ ಎಂಬುದು ಅವರ ಪ್ರಸಿದ್ಧವಾದ ಉದಾಹರಣೆ. ಬತ್ತದಿಂದ ಆರಂಭಿಸಿ, ನಡುವೆ ಬತ್ತವು ಕೆಟ್ಟುಹೋದರೆ ಏನು ಮಾಡಬೇಕು? ಆಗ ಜವೆಗೆ ಹಾರದೆ, ಬತ್ತವನ್ನೇ ಹೋಲುವ ನೀವಾರವೆಂಬ ಕಾಡುಬತ್ತವನ್ನು ತರಬೇಕೆಂದು ಅವರ ನಿರ್ಣಯ. ಕಾಲೇಜಿನ ವ್ಯಾಸಂಗಕ್ಕೂ ಇದು ಒದಗುತ್ತದೆ. ಮೊದಲ ವರ್ಷದಲ್ಲಿಯೇ ತೀರ ಒಗ್ಗದೆಂದು ಕಂಡರೆ ಬಿಟ್ಟು ಬರುವುದೇ ಸರಿ; ಒಂದು ವರ್ಷ ಹೋಯಿತೆಂದು ಬಂಧುಗಳು ಆಡಿಕೊಳ್ಳುವುದು ಒಂದು ವರ್ಷದ ಮಾತು. ಅರ್ಧಕ್ಕಿಂತ ಮುಂದೆ ಹೋದವರು ಮಾತ್ರ ಎಲ್ಲವನ್ನೂ ಚೆಲ್ಲಿ ಹೊಸದಕ್ಕೆ ಹಾರುವ ಮುನ್ನ ಹತ್ತಿರದ ಕಾಡುಬತ್ತವನ್ನು ಹುಡುಕಿ ನೋಡಬೇಕು. ಶುದ್ಧ ಗಣಿತವು ಒಣಗಿತೆಂದು ತೋರಿದವರಿಗೆ ಸಂಖ್ಯಾಶಾಸ್ತ್ರವೂ ಎಂ.ಸಿ.ಎ.ಯೂ ಉಂಟು, ರಸಾಯನಶಾಸ್ತ್ರದವರಿಗೆ ಜೀವರಸಾಯನ, ಇತಿಹಾಸದವರಿಗೆ ಪುರಾತತ್ತ್ವ ಅಥವಾ ಗ್ರಂಥಾಲಯ ವಿಜ್ಞಾನ. ಹೀಗೆ ತಿರುಗತಕ್ಕವರು ಆ ಹೊಸ ವ್ಯಾಸಂಗಕ್ಕೆ ಯಾವ ವಿಷಯವನ್ನು ಎಷ್ಟು ಸೆಮಿಸ್ಟರು ಓದಿರಬೇಕೆಂಬ ಅರ್ಹತೆಯ ನಿಯಮವನ್ನು ಕೊನೆಯ ವರ್ಷದ ಐಚ್ಛಿಕಗಳನ್ನು ಆರಿಸುವುದಕ್ಕೆ ಮೊದಲೇ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಟ್ಟುಕೊಂಡಿರಬೇಕು.